ನಾಳಿನ ಕಾಯಕಕ್ಕೆ ಇಂದಿನ ಲೆಕ್ಕ

(ರೋಣದಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಪೂಜ್ಯರು ನನಗೆ ಕೊಟ್ಟ ವಿಷಯ ‘ಕಾಯಕ ಮತ್ತು ವ್ಯವಹಾರ’. ನಾನು ವಚನ ಸಾಹಿತ್ಯದ ಪಂಡಿತನಲ್ಲ. ಸರಕಾರದಲ್ಲಿ ಇಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಇಂಜಿನಿಯರನಿಗೆ ಬರುವುದು ಮುಖ್ಯವಾಗಿ ಎರಡು ಕೆಲಸ: ಅಳೆಯುವುದು ಮತ್ತು ಅಂದಾಜು ಪತ್ರಿಕೆ ಹಾಕುವುದು. ಆದ್ದರಿಂದ ಅದೇ ದಾರಿಯಲ್ಲಿ ಬರುತ್ತೇನೆ. ಇಂದು ನಾವು ಅಳೆಯಬೇಕಾದದ್ದು ಕಲ್ಲು, ಉಸುಕು, ಸಿಮೆಂಟು ಅಲ್ಲ. ಕೆಲಸ ಬಲ್ಲ ಕೈಗಳನ್ನು.

ಒಂದು ಸೇತುವೆ ಕಟ್ಟುವಾಗ ಎಷ್ಟು ಚೀಲ ಸಿಮೆಂಟು, ಎಷ್ಟು ಟನ್ ಕಬ್ಬಿಣ, ಯಾವ ತಿಂಗಳಲ್ಲಿ ಎಷ್ಟು ಬೇಕು ಎಂದು ಮೊದಲೇ ಬರೆದಿಡುತ್ತೇವೆ. ಬರೆಯದೆ ಕೆಲಸ ಸುರು ಮಾಡಿದರೆ ಮೇಲಿನವರು ಬಿಡುವುದಿಲ್ಲ. ಆದರೆ ಆ ಸೇತುವೆಯನ್ನು, ಆ ಕಾಲುವೆಯನ್ನು, ಆ ಗಿರಣಿಯನ್ನು ಹತ್ತು ವರ್ಷದ ಮೇಲೆ ಯಾರು ನಡೆಸುತ್ತಾರೆ ಎಂಬುದನ್ನು ಎಲ್ಲಿಯೂ ಬರೆಯುವುದಿಲ್ಲ. ಸಾಮಾನಿಗೆ ಅಂದಾಜು ಉಂಟು, ಮನುಷ್ಯನಿಗೆ ಇಲ್ಲ. ದೊಡ್ಡ ಕಂಪನಿಗಳು ಈ ಕೊರತೆಯನ್ನು ತುಂಬಲು ಮಾಡುವ ಕೆಲಸಕ್ಕೆ ‘ವರ್ಕ್‌ಫೋರ್ಸ್ ಪ್ಲಾನಿಂಗ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ದುಡಿಯುವ ಕೈಗಳ ಮುನ್ಯೋಜನೆ. ಮುಂದೆ ಯಾವ ಕೆಲಸ ಬರುತ್ತದೆ, ಅದನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ, ಅವರಲ್ಲಿ ಯಾರು ಯಾವಾಗ ಬಿಡುತ್ತಾರೆ, ಆ ಜಾಗಕ್ಕೆ ಯಾರನ್ನು ಇವತ್ತಿನಿಂದ ತಯಾರು ಮಾಡಬೇಕು, ಇಷ್ಟೇ ಅದರ ತಿರುಳು.

ಇದು ಬೆಂಗಳೂರಿನ ಕಂಪನಿಗಳ ಮಾತು, ನಮಗೇಕೆ ಎಂದು ನೀವು ಕೇಳಬಹುದು. ನಮಗೇ ಹೆಚ್ಚು ಬೇಕು ಎಂಬುದು ನನ್ನ ವಾದ. ಅದಕ್ಕೆ ಕಾರಣ ಹೇಳುತ್ತೇನೆ.

ಹಿಂದೆ ಈ ಲೆಕ್ಕವನ್ನು ಯಾರೂ ಕೂತು ಹಾಕಬೇಕಾಗಿರಲಿಲ್ಲ. ಜಾತಿಯೇ ಹಾಕುತ್ತಿತ್ತು. ಬಡಿಗನ ಮಗ ಬಡಿಗ, ಕಮ್ಮಾರನ ಮಗ ಕಮ್ಮಾರ, ನೇಕಾರನ ಮಗ ನೇಕಾರ. ಊರಿಗೆ ಆಯಗಾರರು ಇದ್ದರು. ರಾಶಿಯ ಕಾಲಕ್ಕೆ ಆಯ ಕೊಟ್ಟರೆ ವರ್ಷವಿಡೀ ಕೂರಿಗೆ, ಕುಂಟೆ ರಿಪೇರಿಯ ಚಿಂತೆ ಇರಲಿಲ್ಲ. ಹೀಗೆ ಹುಟ್ಟೇ ಕೆಲಸಗಾರರನ್ನು ಪೂರೈಸುತ್ತಿತ್ತು. ಆ ವ್ಯವಸ್ಥೆ ಸುಗಮವಾಗಿ ಕಾಣುತ್ತಿತ್ತು, ಆದರೆ ಅದರ ಬೆಲೆಯನ್ನು ತೆತ್ತವರು ಯಾರು? ಚಪ್ಪಲಿ ಹೊಲಿಯುವವನ ಮಗನಿಗೆ ಓದುವ ಮನಸ್ಸಿದ್ದರೂ ದಾರಿ ಇರಲಿಲ್ಲ. ಓದುವವನ ಮಗನಿಗೆ ಕೈಕೆಲಸದ ಪ್ರೀತಿ ಇದ್ದರೂ ಅದು ಅವಮಾನ ಎನಿಸುತ್ತಿತ್ತು.

ಹನ್ನೆರಡನೆಯ ಶತಮಾನದ ಶರಣರು ಪೆಟ್ಟು ಹಾಕಿದ್ದು ಇಲ್ಲಿಯೇ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದಿರು ಹೆಣೆಯುವ ಮೇದಾರ ಕೇತಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಇವರೆಲ್ಲ ಅನುಭವ ಮಂಟಪದಲ್ಲಿ ಒಂದೇ ಸಾಲಿನಲ್ಲಿ ಕೂತರು. ಕೆಲಸಕ್ಕೆ ಮೇಲು ಕೀಳು ಇಲ್ಲ, ಹುಟ್ಟಿಗೂ ಇಲ್ಲ ಎಂದರು. ಹರಳಯ್ಯ ಮತ್ತು ಮಧುವಯ್ಯನವರ ಮನೆಗಳ ಸಂಬಂಧಕ್ಕೆ ಆದ ಶಿಕ್ಷೆ ಏನೆಂದು ನಿಮಗೆ ಗೊತ್ತೇ ಇದೆ. ಹುಟ್ಟು ಮತ್ತು ಕೆಲಸದ ನಡುವಿನ ಗಂಟನ್ನು ಬಿಚ್ಚಲು ಅವರು ಅಷ್ಟು ದೊಡ್ಡ ಬೆಲೆ ತೆತ್ತರು.

ಇಂದು ಆ ಗಂಟು ಬಹಳ ಮಟ್ಟಿಗೆ ಬಿಚ್ಚಿದೆ. ನೇಕಾರನ ಮಗ ಪಿಯುಸಿ ಓದಿದ್ದಾನೆ, ಪುಣೆಯಲ್ಲಿದ್ದಾನೆ. ಕಮ್ಮಾರನ ಮಗಳು ನರ್ಸ್ ಆಗಿದ್ದಾಳೆ. ಇದು ಸಂತೋಷ ಪಡಬೇಕಾದ ಸಂಗತಿ. ಅವರನ್ನು ಹಿಂದಕ್ಕೆ ಕರೆಯಿರಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ಒಂದು ಪ್ರಶ್ನೆ ಉಳಿಯಿತು. ಹುಟ್ಟು ಮಾಡುತ್ತಿದ್ದ ಪೂರೈಕೆಯನ್ನು ನಾವು ನಿಲ್ಲಿಸಿದೆವು, ಅದರ ಜಾಗದಲ್ಲಿ ಏನನ್ನು ಇಟ್ಟೆವು? ಏನನ್ನೂ ಇಡಲಿಲ್ಲ. ಹಳೆಯ ಕಾಲುವೆ ಮುಚ್ಚಿದ್ದೇವೆ, ಹೊಸ ಕಾಲುವೆ ತೋಡಿಲ್ಲ. ಹೊಲ ಒಣಗುತ್ತಿದೆ ಎಂದು ಮಳೆಯನ್ನು ಬೈಯುತ್ತಿದ್ದೇವೆ.

ಗಜೇಂದ್ರಗಡದ ಮಗ್ಗಗಳನ್ನೇ ನೋಡಿ. ಇಳಕಲ್, ಗುಳೇದಗುಡ್ಡ, ಕಮತಗಿಗಳ ಜೊತೆಗೆ ಹೆಸರು ಮಾಡಿದ ನೆಯ್ಗೆಯ ಊರು ಅದು. ಒಂದು ಕಾಲಕ್ಕೆ ಓಣಿಯಲ್ಲಿ ನಡೆದರೆ ಎರಡೂ ಬದಿಯಿಂದ ಮಗ್ಗದ ಸಪ್ಪಳ ಕೇಳುತ್ತಿತ್ತು. ಇದು ಒಂದೇ ಊರಿನ ಕಥೆಯಲ್ಲ. ಭಾರತ ಸರಕಾರದ ಕೈಮಗ್ಗ ಗಣತಿಗಳನ್ನು ತೆರೆದು ನೋಡಿದರೆ 1995-96ರಲ್ಲಿ ದೇಶದಲ್ಲಿ 65 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಿದ್ದರು. 2009-10ರಲ್ಲಿ ಅದು 43 ಲಕ್ಷಕ್ಕೆ ಇಳಿಯಿತು. 2019-20ರ ಗಣತಿಯಲ್ಲಿ 35 ಲಕ್ಷ. ಮಾರುಕಟ್ಟೆ, ವಿದ್ಯುತ್ ಮಗ್ಗ, ನೂಲಿನ ಬೆಲೆ ಎಲ್ಲವೂ ಇದಕ್ಕೆ ಕಾರಣ, ನಿಜ. ಅದರ ಜೊತೆಗೆ ಇನ್ನೊಂದು ಕಾರಣವನ್ನು ನಾವು ಮಾತಾಡುವುದಿಲ್ಲ. ಮುಂದಿನವರನ್ನು ತಯಾರು ಮಾಡುವ ಜವಾಬ್ದಾರಿ ಯಾರದ್ದೂ ಆಗಿರಲಿಲ್ಲ.

ನಮ್ಮ ಭಾಗದ ‘ಪಟ್ಟೇದ ಅಂಚು’ ಸೀರೆಯ ವಿಷಯ ಕೆಲವರಿಗೆ ಗೊತ್ತಿರಬಹುದು. ಚೌಕುಳಿ ಮೈ, ಅಗಲ ಅಂಚಿನ ಹಳೆಯ ನೆಯ್ಗೆ. ನೇಯುವವರು ಇಲ್ಲದೆ ಅದು ಮರೆತೇ ಹೋಗುವ ಸ್ಥಿತಿಗೆ ಬಂದಿತ್ತು. ಹೇಮಲತಾ ಜೈನ್ ಎಂಬ ವಸ್ತ್ರ ವಿನ್ಯಾಸಕಿ ಅದರ ಜಾಡು ಹಿಡಿದು ಗಜೇಂದ್ರಗಡದ ನೇಕಾರರಿಂದ ಮತ್ತೆ ನೇಯಿಸಿದರು. ಈಗ ಅದಕ್ಕೆ ದೂರದ ಊರುಗಳಲ್ಲಿ ಗಿರಾಕಿಗಳಿದ್ದಾರೆ. ಇಲ್ಲಿ ಗಮನಿಸಿ. ಬೇಡಿಕೆ ಹುಟ್ಟಿಸಬಹುದು, ಆದರೆ ಕೈ ಹೋದ ಮೇಲೆ ಕೈಯನ್ನು ಹುಟ್ಟಿಸುವುದು ಬಹಳ ಕಷ್ಟ. ಇಳಕಲ್ ಮಾದರಿಯಲ್ಲಿ ಸೆರಗಿನ ಹಾಸನ್ನು ಮೈಯ ಹಾಸಿಗೆ ಕೂಡಿಸುವ ಕೊಂಡಿ ಕೆಲಸ ಪುಸ್ತಕ ಓದಿ ಬರುವುದಿಲ್ಲ. ಬಲ್ಲವರ ಪಕ್ಕದಲ್ಲಿ ಕೂತೇ ಕಲಿಯಬೇಕು. ಬಲ್ಲವರು ಇರುವಾಗಲೇ ಕಲಿಯಬೇಕು.

ಈಗ ಲೆಕ್ಕಕ್ಕೆ ಬರೋಣ. ಇದು ಯಾವ ಸಂಘದ ಅಂಕಿಯೂ ಅಲ್ಲ, ತಿಳಿಯಲಿ ಎಂದು ನಾನೇ ಹಾಕಿದ ಉದಾಹರಣೆ. 40 ನೇಕಾರರ ಒಂದು ಸಹಕಾರಿ ಸಂಘ ಇದೆ ಎನ್ನಿ. ಅವರಲ್ಲಿ 60 ದಾಟಿದವರು 12, 50ರಿಂದ 60ರ ಒಳಗಿನವರು 14, 40ರಿಂದ 50ರ ಒಳಗಿನವರು 9, 40ಕ್ಕಿಂತ ಚಿಕ್ಕವರು 5. ಇವತ್ತು ಆ ಸಂಘದ ವಾರ್ಷಿಕ ವರದಿ ಓದಿದರೆ ಎಲ್ಲ ಚೆನ್ನಾಗಿದೆ, 40 ಮಗ್ಗ ನಡೆಯುತ್ತಿವೆ. ಆದರೆ ಹತ್ತು ವರ್ಷ ಮುಂದೆ ಹೋಗಿ ನೋಡಿ. ಮೊದಲಿನ 12 ಮಂದಿ ಮಗ್ಗ ಇಳಿದಿರುತ್ತಾರೆ, ಆಮೇಲಿನ 14 ಮಂದಿಯ ಕಣ್ಣು, ಮೊಣಕಾಲು ಕೈ ಕೊಟ್ಟಿರುತ್ತವೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವುದೆಂದರೆ ಹುಡುಗಾಟವಲ್ಲ. ಉಳಿಯುವವರು 14. ಅಂದರೆ 26 ಮಗ್ಗ ಖಾಲಿ. ಇದಕ್ಕೆ ಜ್ಯೋತಿಷ್ಯ ಬೇಕಾಗಿಲ್ಲ. ಸದಸ್ಯರ ಪಟ್ಟಿಯಲ್ಲಿ ಹುಟ್ಟಿದ ವರ್ಷದ ಒಂದು ಕಾಲಂ ಇದ್ದರೆ ಸಾಕು.

ಮುಂದೆ ಕೇಳಬೇಕಾದ ಪ್ರಶ್ನೆ: ಹತ್ತು ವರ್ಷದ ಮೇಲೆ ನಮಗೆ 40 ಮಗ್ಗ ಬೇಕೇ? ಗಿರಾಕಿ ಎಷ್ಟು, ಯಾವ ಸೀರೆಗೆ? ಬಹುಶಃ 30 ಸಾಕಾಗಬಹುದು, ಆದರೆ ಹೆಚ್ಚು ಕಸುಬು ಬಲ್ಲ 30 ಬೇಕಾಗಬಹುದು. ಹಾಗಾದರೆ ಉಳಿಯುವ 14ರ ಮೇಲೆ ಹೊಸದಾಗಿ 16 ಮಂದಿ ಬೇಕು. ಕಲಿಯಲು ಬಂದವರಲ್ಲಿ ಅರ್ಧದಷ್ಟು ಮಂದಿ ಬಿಟ್ಟು ಹೋಗುತ್ತಾರೆ ಎಂದು ಹಿಡಿದರೆ 32 ಮಂದಿಗೆ ಕಲಿಸಬೇಕು. ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಮೂವರು, ನಾಲ್ವರು. ಇದು ಯಾವ ಸಂಘಕ್ಕೂ ಭಾರವಲ್ಲ.

ಆದರೆ ನಾವು ಮಾಡುವುದೇನು? ಒಂಬತ್ತು ವರ್ಷ ಸುಮ್ಮನಿದ್ದು ಹತ್ತನೆಯ ವರ್ಷ ಒಂದು ಯೋಜನೆಯ ಅನುದಾನ ತಂದು ಒಂದೇ ಸಲ 50 ಮಂದಿಗೆ ಮೂರು ತಿಂಗಳ ತರಬೇತಿ, ಬ್ಯಾನರು, ಪ್ರಮಾಣಪತ್ರ, ಫೋಟೋ. ಕಲಿಸುವವರಾದ ಹಿರಿಯರು ಆಗ ಉಳಿದಿರುವುದಿಲ್ಲ. ಕಲಿತವರಿಗೆ ಕೂರಲು ಮಗ್ಗ ಇರುವುದಿಲ್ಲ. ಸಣ್ಣ ಕಾಲುವೆಯಲ್ಲಿ ವರ್ಷವಿಡೀ ಹರಿಯಬೇಕಾದ ನೀರನ್ನು ಒಂದೇ ದಿನ ಬಿಟ್ಟರೆ ಏನಾಗುತ್ತದೆ? ಕಾಲುವೆಯೂ ಒಡೆಯುತ್ತದೆ, ಬೆಳೆಯೂ ಬರುವುದಿಲ್ಲ.

ಕಾಲುವೆಯ ಮಾತು ಬಂತು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಆಣೆಕಟ್ಟು ಕಟ್ಟಿ ನೀರನ್ನು ನರಗುಂದ, ರೋಣದ ಎರೆ ಹೊಲಗಳಿಗೆ ತಂದ ಕಥೆ ನಿಮ್ಮ ಮನೆಯ ಕಥೆ. 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಎದ್ದು ನಿಂತ ಕಥೆಯೂ ನಿಮ್ಮದೇ. ಯಾವ ನೀರಾವರಿಯಲ್ಲೂ ಎರಡು ಬಗೆಯ ಕೆಲಸ ಇರುತ್ತದೆ. ಒಂದು ಕಟ್ಟುವುದು, ಇನ್ನೊಂದು ನಡೆಸುವುದು. ಗೇಟು ಎಷ್ಟು ಎತ್ತಿದರೆ ಕೊನೆಯ ಹೊಲಕ್ಕೆ ನೀರು ಮುಟ್ಟುತ್ತದೆ, ಯಾವ ಕಿಲೋಮೀಟರಿನಲ್ಲಿ ಎರೆ ಮಣ್ಣು ಬಿರಿದು ಏರಿ ಕುಸಿಯುತ್ತದೆ, ಇದು ನಕ್ಷೆಯಲ್ಲಿ ಇರುವುದಿಲ್ಲ. ಇಪ್ಪತ್ತು ವರ್ಷ ಕಾಲುವೆಯ ಮೇಲೆ ನಡೆದ ನೀರುಗಂಟಿಯ ತಲೆಯಲ್ಲಿ ಇರುತ್ತದೆ.

ಸರಕಾರಿ ನೌಕರನ ವಿಷಯದಲ್ಲಿ ಒಂದು ವಿಚಿತ್ರ ಇದೆ. ಅವನು ಕೆಲಸಕ್ಕೆ ಸೇರಿದ ದಿನವೇ ಸೇವಾ ಪುಸ್ತಕದಲ್ಲಿ ಹುಟ್ಟಿದ ತಾರೀಖು ಬರೆಯುತ್ತಾರೆ. ಆ ದಿನವೇ ಅವನು ಯಾವ ತಿಂಗಳ ಕೊನೆಗೆ ನಿವೃತ್ತನಾಗುತ್ತಾನೆ ಎಂದು ಗೊತ್ತು. ಮೂವತ್ತು ವರ್ಷ ಮೊದಲೇ ಗೊತ್ತಿರುವ ತಾರೀಖು! ಆದರೂ ನಾನು ಕೆಲಸ ಮಾಡಿದ ಒಂದು ಉಪವಿಭಾಗದಲ್ಲಿ ಇಂಥ ಒಬ್ಬ ಹಿರಿಯ ಕೆಲಸಗಾರ ಹಾರ ಹಾಕಿಸಿಕೊಂಡು ಹೋದ ಮೇಲೆ ಆ ಹುದ್ದೆ ವರ್ಷಗಟ್ಟಲೆ ಖಾಲಿ ಉಳಿಯಿತು. ಹೊಸಬ ಬಂದಾಗ ಕಲಿಸುವವರು ಯಾರೂ ಇರಲಿಲ್ಲ. ಅವನ ಕೈಯಲ್ಲಿ ಆರು ತಿಂಗಳು ಮೊದಲೇ ಒಬ್ಬ ಸಹಾಯಕನನ್ನು ಕೊಟ್ಟಿದ್ದರೆ ಆಗುತ್ತಿದ್ದ ಖರ್ಚು ಆರು ತಿಂಗಳ ಸಂಬಳ. ಕೊಡದೇ ಇದ್ದುದರ ಖರ್ಚನ್ನು ಕೊನೆಯ ಹೊಲದ ರೈತರು ಪ್ರತಿ ಹಂಗಾಮಿನಲ್ಲಿ ಕಟ್ಟಿದರು. ಅದು ಯಾವ ಕಚೇರಿಯ ಲೆಕ್ಕಪತ್ರದಲ್ಲೂ ಬರಲಿಲ್ಲ.

ಸರಕಾರದ ಮಾತು ಬಿಡಿ, ಅಲ್ಲಿ ನಷ್ಟಕ್ಕೆ ಒಡೆಯರಿಲ್ಲ. ನಿಮ್ಮಲ್ಲಿ ಬೇಳೆ ಮಿಲ್ಲು, ಜಿನ್ನಿಂಗ್ ಮಿಲ್ಲು, ಎಣ್ಣೆ ಗಾಣ, ಕಿರಾಣಿ, ಟ್ರ್ಯಾಕ್ಟರ್ ಗ್ಯಾರೇಜು ಇಟ್ಟವರು ಬಹಳ ಮಂದಿ ಇದ್ದೀರಿ. ನಷ್ಟವಾದರೆ ನಿಮ್ಮ ಕಿಸೆಯಿಂದಲೇ ಹೋಗಬೇಕು. ಆದ್ದರಿಂದ ಲಾಭದ ಮಾತನ್ನು ನಿಮ್ಮ ಮುಂದೆ ಬಿಚ್ಚಿ ಇಡುತ್ತೇನೆ.

ಒಂದು ಕಡಲೆ ಬೇಳೆ ಮಿಲ್ಲು ಎನ್ನಿ. ದಿನಕ್ಕೆ 100 ಕ್ವಿಂಟಲ್ ಒಡೆಯುತ್ತದೆ, ಕ್ವಿಂಟಲಿಗೆ 100 ರೂಪಾಯಿ ಗಿಟ್ಟುತ್ತದೆ. ದಿನಕ್ಕೆ 10,000. ಯಂತ್ರದ ಮರ್ಮ ಬಲ್ಲವನು ಒಬ್ಬನೇ ಫಿಟ್ಟರ್, ವಯಸ್ಸು 58. ಸುಗ್ಗಿಯಲ್ಲಿ ಅವನು ಜ್ವರ ಬಂದು ಮಲಗಿದ, ಅಥವಾ ಮಗನ ಮನೆಗೆ ಹುಬ್ಬಳ್ಳಿಗೆ ಹೋದ. ಯಂತ್ರ ಕೆಟ್ಟಿತು. ಹೊರಗಿನಿಂದ ಮೆಕ್ಯಾನಿಕ್ ಬಂದು ಸರಿ ಮಾಡಲು ಆರು ದಿನ. 60,000 ಹೋಯಿತು. ಹಮಾಲರ ಕೂಲಿ, ಬ್ಯಾಂಕಿನ ಬಡ್ಡಿ, ಕರೆಂಟಿನ ಕನಿಷ್ಠ ಬಿಲ್ಲು ಹೇಗೂ ನಿಲ್ಲುವುದಿಲ್ಲ. ಮಾಲು ತಂದ ರೈತ ಪಕ್ಕದ ಮಿಲ್ಲಿಗೆ ಹೋದ, ಮುಂದಿನ ವರ್ಷ ತಿರುಗಿ ಬರುವ ಖಾತ್ರಿ ಇಲ್ಲ. ಅದೇ ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬ ಚುರುಕು ಹುಡುಗನಿಗೆ ತಿಂಗಳಿಗೆ 3,000 ಹೆಚ್ಚು ಕೊಟ್ಟು, ಕಲಿಸುವ ಫಿಟ್ಟರನಿಗೂ ಸ್ವಲ್ಪ ಮರ್ಯಾದೆ ಮಾಡಿ, ಒಂದು ವರ್ಷ ಜೊತೆಗೆ ಬಿಟ್ಟಿದ್ದರೆ ಆಗುವ ಖರ್ಚು 36,000 ಚಿಲ್ಲರೆ. ಒಂದೇ ಸಲದ ನಿಲುಗಡೆಯಲ್ಲಿ ಅದು ತಿರುಗಿ ಬಂತು. ನಿಮ್ಮ ಮಿಲ್ಲಿನ ಅಂಕಿ ಬೇರೆ ಇರುತ್ತದೆ. ಅದನ್ನು ಹಾಕಿ ನೋಡಿ, ದಿಕ್ಕು ಬದಲಾಗುವುದಿಲ್ಲ.

ಎರಡನೆಯ ಲಾಭ, ಹಂಗಾಮಿನದು. ಹೆಸರು, ಕಡಲೆ, ಹತ್ತಿ, ಯಾವುದು ಯಾವ ತಿಂಗಳಿಗೆ ಬರುತ್ತದೆ ಎಂದು ನಮಗೆಲ್ಲ ಗೊತ್ತು. ಆದರೂ ಆಳುಗಳನ್ನು ಹುಡುಕುವುದು ಮಾಲು ಬಂದ ಮೇಲೆ. ಅಷ್ಟರಲ್ಲಿ ನಮ್ಮ ಊರುಗಳ ಮತ್ತು ತಾಂಡಾಗಳ ದುಡಿಯುವ ಮಂದಿ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಎರಡು ಪಟ್ಟು ಕೂಲಿ ಕೊಟ್ಟು ಕೆಲಸ ಬಾರದವರನ್ನು ತರುತ್ತೇವೆ. ಇಷ್ಟು ದಿನದ ಕೆಲಸ ಖಾತ್ರಿ, ಇಷ್ಟು ಕೂಲಿ ಎಂದು ಎರಡು ತಿಂಗಳು ಮೊದಲೇ ಮಾತು ಕೊಟ್ಟರೆ ಕೆಲವರಾದರೂ ಉಳಿಯುತ್ತಾರೆ. ಮಕ್ಕಳ ಶಾಲೆ ತಪ್ಪುವುದಿಲ್ಲ. ಮಾಲಕನಿಗೂ ಕೂಲಿಯ ಅಂದಾಜು ಮೊದಲೇ ಸಿಗುತ್ತದೆ.

ಮೂರನೆಯದು ಒಡೆತನದ್ದು. ಸಾಹುಕಾರರ ವ್ಯವಹಾರದಲ್ಲಿ ಯಾರಿಗೆ ಎಷ್ಟು ಉದ್ದರಿ, ಯಾವ ಅಡತಿಯವನ ಮಾತು ನಂಬಬಹುದು, ಯಾವ ಊರಿನ ಕಡಲೆ ತೂಕ ಬರುತ್ತದೆ, ಇದೆಲ್ಲ ಅವರ ತಲೆಯಲ್ಲಿ. ಮಗ ಅಮೆರಿಕದಲ್ಲಿ, ಮಗಳನ್ನು ಆ ಕುರ್ಚಿಯಲ್ಲಿ ಕೂರಿಸುವ ವಿಚಾರವೇ ಬಂದಿಲ್ಲ. ಒಂದು ದಿನ ಸಾಹುಕಾರರು ಲಿಂಗೈಕ್ಯರಾದರೆ ಅಂಗಡಿಗೂ ಬೀಗ. ಮುಂದೆ ನಡೆಸುವವರು ಯಾರು ಎಂದು ಹೇಳಬಲ್ಲ ವ್ಯವಹಾರಕ್ಕೆ ಸಾಲ ಕೊಡುವವನಿಗೂ ಧೈರ್ಯ, ಮಾಲು ಕೊಡುವವನಿಗೂ ಧೈರ್ಯ.

ಇಂಥ ಮುಂದಾಲೋಚನೆ ನಮ್ಮ ಹಿರಿಯರಿಗೆ ಹೊಸದಲ್ಲ. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ದಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು ಸೇರಿ ಲಿಂಗಾಯತ ಹುಡುಗರ ಓದಿಗಾಗಿ ನಿಧಿ ಕಟ್ಟಿದರು. ಆಗ ನಮ್ಮಲ್ಲಿ ವ್ಯಾಪಾರಿಗಳಿದ್ದರು, ಒಕ್ಕಲಿಗರಿದ್ದರು, ಕಾಲೇಜು ಓದಿದವರು ಬೆರಳೆಣಿಕೆ. ಕಟ್ಟಡ ಆಮೇಲೆ, ಮೊದಲು ಮನುಷ್ಯರು ಎಂದು ಅವರು ತಿಳಿದರು. ಅಂಥ ಆಸರೆಯಲ್ಲಿ ಓದಿದ ತಲೆಮಾರು ಬೆಳೆಯಿತು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಶಾಲೆ ತೆರೆದು ಕೆಎಲ್‌ಇ ಸಂಸ್ಥೆ ಸುರು ಮಾಡಿದರು. ನಾವು ಅವರನ್ನು ಸಪ್ತರ್ಷಿಗಳು ಎನ್ನುತ್ತೇವೆ. ಆಜೀವ ಸದಸ್ಯರು ಎಂಬ ಪದ್ಧತಿ ಇಟ್ಟರು. ಕಡಿಮೆ ಸಂಬಳಕ್ಕೆ ಬಹುಕಾಲ ದುಡಿಯುವ ಮಾತು ಕೊಟ್ಟವರು ಸಂಸ್ಥೆಯ ಬೆನ್ನೆಲುಬಾದರು. 1933ಕ್ಕೆ ಲಿಂಗರಾಜ ಕಾಲೇಜು, 1947ಕ್ಕೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜು, 1963ಕ್ಕೆ ವೈದ್ಯಕೀಯ ಕಾಲೇಜು. ಹುಬ್ಬಳ್ಳಿಯ ಆ ಇಂಜಿನಿಯರಿಂಗ್ ಕಾಲೇಜಿಗೆ ಗಜೇಂದ್ರಗಡದ ದಾನಿ ಬಿ. ವಿ. ಭೂಮರಡ್ಡಿಯವರ ಹೆಸರಿದೆ ಎಂಬುದು ನಮ್ಮ ಭಾಗಕ್ಕೆ ಅಭಿಮಾನದ ಮಾತು. 1883ರ ನಿಧಿಯಿಂದ 1916ರ ಶಾಲೆಗೆ 33 ವರ್ಷ. ಕಾಯುವ ತಾಳ್ಮೆ ಅವರಲ್ಲಿತ್ತು, ಏಕೆಂದರೆ ಏನಕ್ಕೆ ಕಾಯುತ್ತಿದ್ದೇವೆ ಎಂಬುದು ಗೊತ್ತಿತ್ತು.

ಹೊರಗಿನದೂ ಒಂದು ಉದಾಹರಣೆ ನೋಡಿ. ಟಾಟಾ ಉಕ್ಕಿನ ಕಾರ್ಖಾನೆ 1907ರಲ್ಲಿ ಸ್ಥಾಪನೆಯಾದಾಗ ಮುಖ್ಯ ಕೆಲಸಗಳಿಗೆಲ್ಲ ಕರಾರಿನ ಮೇಲೆ ಪರದೇಶದವರನ್ನೇ ತರಬೇಕಾಗಿತ್ತು. ಅವರ ಸಂಬಳ ದೊಡ್ಡದು. 1921ರಲ್ಲಿ ಜಮ್‌ಶೆಡ್‌ಪುರದಲ್ಲಿ ತಾಂತ್ರಿಕ ಶಾಲೆ ತೆರೆದು ನಮ್ಮವರನ್ನೇ ತಯಾರು ಮಾಡತೊಡಗಿದರು. ವರ್ಷ ವರ್ಷಕ್ಕೆ ಪರದೇಶದವರ ಸಂಖ್ಯೆ ಇಳಿಯಿತು, ಖರ್ಚೂ ಇಳಿಯಿತು. ಡಾ. ಹೋಮಿ ಭಾಭಾ ಅವರು ಅಣುಶಕ್ತಿಯ ಕೆಲಸಕ್ಕೆ ಬೇಕಾದ ವಿಜ್ಞಾನಿಗಳನ್ನು ತಯಾರಿಸಲು 1957ರಲ್ಲೇ ಮುಂಬಯಿಯ ತ್ರಾಂಬೆಯಲ್ಲಿ ತರಬೇತಿ ಶಾಲೆ ತೆರೆದರು. ದೇಶದಲ್ಲಿ ಆಗಿನ್ನೂ ಅಣುವಿದ್ಯುತ್ ಸ್ಥಾವರ ಒಂದೂ ಇರಲಿಲ್ಲ. ಯಂತ್ರಕ್ಕಿಂತ ಮೊದಲು ಯಂತ್ರ ನಡೆಸುವವನು.

ಇದನ್ನು ಇವತ್ತಿನ ನಮ್ಮ ಗುಡ್ಡಗಳಿಗೆ ಹಚ್ಚಿ ನೋಡಿ. ಗಜೇಂದ್ರಗಡದ ಸುತ್ತ ಗಾಳಿಯಂತ್ರಗಳು ತಿರುಗುತ್ತಿವೆ. ಇಂಥ ಒಂದು ಯಂತ್ರದ ಆಯುಷ್ಯ ಸಾಮಾನ್ಯವಾಗಿ 20ರಿಂದ 25 ವರ್ಷ. ಅಷ್ಟು ವರ್ಷವೂ ಎಣ್ಣೆ ಬದಲಿಸಬೇಕು, ಬೋಲ್ಟು ಬಿಗಿಯಬೇಕು, ಕೇಬಲ್ಲು ನೋಡಬೇಕು, ಗೋಪುರ ಹತ್ತಬೇಕು. ಅಂದರೆ ಮುಂದಿನ ಕಾಲು ಶತಮಾನದ ಕೆಲಸದ ಪಟ್ಟಿ ಗುಡ್ಡದ ಮೇಲೆ ಎಲ್ಲರಿಗೂ ಕಾಣುವಂತೆ ನಿಂತಿದೆ. ನಮ್ಮ ಹುಡುಗರು ಆ ಯಂತ್ರದ ಬುಡದಲ್ಲಿ ಕಾವಲು ಕಾಯುವವರಾಗಬೇಕೋ, ಮೇಲೆ ಹತ್ತಿ ರಿಪೇರಿ ಮಾಡುವವರಾಗಬೇಕೋ? ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಕಲಿತ ಹುಡುಗನಿಗೆ ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷತಾ ತರಬೇತಿ ಸೇರಿಸಿದರೆ ದಾರಿ ತೆರೆಯುತ್ತದೆ. ಭೂಮಿ ಗುತ್ತಿಗೆ ಕೊಡುವಾಗ ಬಾಡಿಗೆಯ ಚೌಕಾಶಿ ಮಾಡುವಂತೆ ಈ ಚೌಕಾಶಿಯನ್ನೂ ಮಾಡಬೇಕು.

ಈಗ ಎರಡು ಮೂರು ಆಕ್ಷೇಪಗಳಿಗೆ ಉತ್ತರ.

ಮೊದಲನೆಯದು, ‘ಸರ್, ಕಲಿಸಿದ ಮೇಲೆ ಬಿಟ್ಟು ಹೋಗುತ್ತಾರೆ’. ಹೋಗುತ್ತಾರೆ, ಎಲ್ಲರೂ ಅಲ್ಲ. ಬಿತ್ತಿದ ಕಾಳೆಲ್ಲ ಮೊಳೆಯುವುದಿಲ್ಲ ಎಂದು ಯಾವ ರೈತನೂ ಬಿತ್ತುವುದನ್ನು ಬಿಡುವುದಿಲ್ಲ, ನಾಲ್ಕು ಕಾಳು ಹೆಚ್ಚು ಹಾಕುತ್ತಾನೆ. ನೇಕಾರರ ಲೆಕ್ಕದಲ್ಲಿ ಅರ್ಧ ಹೋಗುತ್ತಾರೆ ಎಂದು ನಾವು ಹಿಡಿದೇ ಇದ್ದೆವು. ಮತ್ತೆ, ಯಾಕೆ ಹೋಗುತ್ತಾರೆ ಎಂದೂ ಕೇಳಬೇಕು. ಕಲಿತವನಿಗೂ ಕಲಿಯದವನಿಗೂ ಒಂದೇ ಕೂಲಿ ಕೊಟ್ಟರೆ, ಎಲ್ಲರ ಮುಂದೆ ಏಕವಚನದಲ್ಲಿ ಬೈದರೆ, ಯಾವ ಸ್ವಾಭಿಮಾನಿ ಉಳಿಯುತ್ತಾನೆ? ಕಾಯಕಕ್ಕೆ ಗೌರವ ಎಂಬುದು ಭಾಷಣದ ಮಾತಲ್ಲ, ಅದು ಶನಿವಾರದ ಬಟವಾಡೆಯಲ್ಲಿ ಕಾಣಬೇಕು.

ಎರಡನೆಯದು, ‘ನಮ್ಮದು ಐದು ಮಂದಿಯ ಅಂಗಡಿ, ಇಷ್ಟೆಲ್ಲ ಯಾಕೆ?’ ಐವತ್ತು ಮಂದಿಯಲ್ಲಿ ಒಬ್ಬ ಹೋದರೆ ನೂರಕ್ಕೆ ಎರಡು ಪಾಲು ಹೋಯಿತು. ಐವರಲ್ಲಿ ಒಬ್ಬ ಹೋದರೆ ನೂರಕ್ಕೆ ಇಪ್ಪತ್ತು. ಸಣ್ಣವನಿಗೇ ಈ ಲೆಕ್ಕ ಹೆಚ್ಚು ಬೇಕು.

ಮೂರನೆಯದು ನಮ್ಮ ಧರ್ಮದ ಒಳಗಿನಿಂದ ಬರುವ ಆಕ್ಷೇಪ, ಅದಕ್ಕೆ ಹೆಚ್ಚು ಗಮನ ಕೊಡಬೇಕು. ‘ಶರಣರು ನಾಳೆಗೆ ಕೂಡಿಡಬೇಡಿ ಎಂದರು, ನೀವು ಹತ್ತು ವರ್ಷದ ಲೆಕ್ಕ ಹೇಳುತ್ತೀರಿ.’ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಮಾರಯ್ಯ ಆಯ್ದು ತಂದ ಅಕ್ಕಿ ದಿನದ ಅಳತೆಗಿಂತ ಹೆಚ್ಚು ಎಂದು ಕಂಡ ಕೂಡಲೇ ಆಕೆ ಹಿಂದಕ್ಕೆ ಸುರಿದು ಬರಲು ಹೇಳಿದಳು. ನಾವು ಈ ಕಥೆಯಲ್ಲಿ ಆಕೆಯ ನಿರಾಸೆಯನ್ನು, ಅಂದರೆ ಆಸೆ ಇಲ್ಲದಿರುವುದನ್ನು ಕೊಂಡಾಡುತ್ತೇವೆ. ನಾನು ಇಂಜಿನಿಯರ್, ನನಗೆ ಕಂಡದ್ದು ಆಕೆಯ ಅಳತೆ. ದಾಸೋಹಕ್ಕೆ ಇವತ್ತು ಎಷ್ಟು ಬೇಕು ಎಂಬುದು ಆಕೆಗೆ ಹಿಡಿ ಅಕ್ಕಿಯ ಮಟ್ಟಿಗೆ ಗೊತ್ತಿತ್ತು. ಗೊತ್ತಿಲ್ಲದವಳಿಗೆ ಹೆಚ್ಚು ಯಾವುದು, ಕಡಿಮೆ ಯಾವುದು ತಿಳಿಯುತ್ತಿರಲಿಲ್ಲ. ಕೂಡಿಡುವುದು ಬೇರೆ, ತಯಾರಾಗುವುದು ಬೇರೆ. ಕೂಡಿಡುವವನು ತನ್ನ ಸಲುವಾಗಿ ಹಿಡಿದಿಡುತ್ತಾನೆ. ತಯಾರು ಮಾಡುವವನು ತನಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಕೊಟ್ಟು ಕೈ ಖಾಲಿ ಮಾಡಿಕೊಳ್ಳುತ್ತಾನೆ. ಕಸುಬನ್ನು ಕಲಿಸುವುದೂ ದಾಸೋಹ. ಕಸುಬನ್ನು ಬಚ್ಚಿಟ್ಟುಕೊಂಡು ಸಾಯುವುದೇ ನಿಜವಾದ ಕೂಡಿಡುವಿಕೆ.

ಇನ್ನು ಯಾರಿಗೆ ಕಲಿಸಬೇಕು ಎಂಬ ಪ್ರಶ್ನೆ. ಇಲ್ಲಿ ನಾವು ಬಸವ ತತ್ವದವರು ಎಂಬುದರ ಪರೀಕ್ಷೆ ಆಗುತ್ತದೆ. 2019-20ರ ಗಣತಿಯ ಪ್ರಕಾರ ಕೈಮಗ್ಗದ ಕೆಲಸಗಾರರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಹೆಣ್ಣುಮಕ್ಕಳು. ಆದರೂ ಮನೆಯಲ್ಲಿ ಕಂಡಿಕೆ ಸುತ್ತಿ, ಹಾಸು ಹೂಡಿ, ನೂಲು ಕೂಡಿಸುವ ತಾಯಿಯನ್ನು ನಾವು ‘ಸಹಾಯ ಮಾಡುತ್ತಾಳೆ’ ಎನ್ನುತ್ತೇವೆ, ನೇಕಾರಳು ಎನ್ನುವುದಿಲ್ಲ. ಸಂಘದ ಆಡಳಿತ ಮಂಡಳಿಯಲ್ಲಿ ಆಕೆಯ ಕುರ್ಚಿ ಎಲ್ಲಿ? ಹಾಗೆಯೇ ಇದುವರೆಗೆ ಮಗ್ಗ ಮುಟ್ಟದ ಮನೆಯ ಹುಡುಗನಿಗೆ, ತಾಂಡಾದ ಹುಡುಗಿಗೆ, ಕೇರಿಯ ಹುಡುಗಿಗೆ ಕಲಿಯಲು ಮನಸ್ಸಿದ್ದರೆ ನಮ್ಮ ಸಂಘದ ಬಾಗಿಲು ತೆರೆದಿದೆಯೇ? ಮಠದ ಅಡುಗೆಮನೆಯಲ್ಲಿ ಯಾರ ಕೈ ಬೇಕಾದರೂ ಇರಬಹುದೇ? ನಮ್ಮವರೇ ಬೇಕು ಎಂದು ಹಿಡಿದರೆ ಸಿಗುವ ಮಂದಿ ಹತ್ತು. ಕಲಿಯುವ ಮನಸ್ಸಿದ್ದ ಯಾರಾದರೂ ಸರಿ ಎಂದರೆ ಸಿಗುವ ಮಂದಿ ನೂರು. ತತ್ವಕ್ಕೂ ಇದು ಸರಿ, ವ್ಯವಹಾರಕ್ಕೂ ಇದು ಸರಿ. ಎರಡೂ ಒಂದೇ ಕಡೆ ಬೆರಳು ತೋರಿಸುವುದು ಅಪರೂಪ. ತೋರಿಸಿದಾಗ ನಡೆಯದೇ ಇದ್ದರೆ ಅದು ನಮ್ಮ ದಡ್ಡತನ.

ಸರಕಾರದ ಅನುಕೂಲವೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಂತೆ 30 ಅಥವಾ ಅದಕ್ಕೂ ಹೆಚ್ಚು ಮಂದಿ ಇರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕು ಮಂದಿ ಇದ್ದವರೂ ಮನಸ್ಸಿದ್ದರೆ ತೆಗೆದುಕೊಳ್ಳಬಹುದು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಶಿಷ್ಯವೇತನದ ಕಾಲು ಭಾಗವನ್ನು, ಒಂದು ಮಿತಿಯೊಳಗೆ, ಕೇಂದ್ರ ಸರಕಾರ ಭರಿಸುತ್ತದೆ. ಹತ್ತಿರದ ಐಟಿಐಗೆ ಹೋಗಿ ಕೇಳಿದರೆ ದಾರಿ ತೋರಿಸುತ್ತಾರೆ.

ಕೊನೆಯದಾಗಿ, ಮಾಡಬೇಕಾದ ಕೆಲಸ. ಒಂದು ಹಾಳೆ ಸಾಕು, ಕಂಪ್ಯೂಟರ್ ಬೇಡ. ಐದು ಕಾಲಂ ಗೆರೆ ಹಾಕಿ. ಮೊದಲನೆಯದರಲ್ಲಿ ಕೆಲಸದ ಹೆಸರು. ಎರಡನೆಯದರಲ್ಲಿ ಅದನ್ನು ಬಲ್ಲವರ ಹೆಸರು. ಮೂರನೆಯದರಲ್ಲಿ ಅವರ ವಯಸ್ಸು. ನಾಲ್ಕನೆಯದರಲ್ಲಿ, ಅವರು ನಾಳೆ ಬರದಿದ್ದರೆ ಆ ಕೆಲಸ ಮಾಡಬಲ್ಲ ಎರಡನೆಯವರು. ಐದನೆಯದರಲ್ಲಿ, ಒಬ್ಬ ಹೊಸಬ ಅದನ್ನು ಕಲಿಯಲು ಹಿಡಿಯುವ ತಿಂಗಳು. ನಾಲ್ಕನೆಯ ಕಾಲಂ ಎಲ್ಲಿ ಖಾಲಿ ಇದೆಯೋ ಅಲ್ಲಿ ಕೆಂಪು ಗುರುತು ಹಾಕಿ. ಕೆಂಪು ಗುರುತಿನ ಪಕ್ಕದಲ್ಲಿ ವಯಸ್ಸು 55 ದಾಟಿದ್ದರೆ ಅದೇ ಈ ವರ್ಷದ ಮೊದಲ ಕೆಲಸ. ವರ್ಷಕ್ಕೊಮ್ಮೆ, ಬಸವ ಜಯಂತಿಯ ವಾರದಲ್ಲಿ, ಆ ಹಾಳೆಯನ್ನು ತೆಗೆದು ತಿದ್ದಿ.

ಮಠಗಳಿಗೂ ಇದೇ ವಿನಂತಿ. ನಮ್ಮ ಮಠಗಳು ಶಾಲೆ ನಡೆಸುತ್ತವೆ, ಪ್ರಸಾದ ನಿಲಯ ನಡೆಸುತ್ತವೆ, ಗೋದಾಮು, ಹೊಲ, ಮುದ್ರಣದ ಕೆಲಸ ನೋಡಿಕೊಳ್ಳುತ್ತವೆ. ನೂರಾರು ಮಂದಿಗೆ ಅಡುಗೆ ಮಾಡುವವರ, ಲೆಕ್ಕ ಬರೆಯುವವರ, ಗಣಿತ ಕಲಿಸುವವರ ಹಾಳೆಯೂ ಆಗಲಿ. ಜೊತೆಗೆ ಪ್ರತಿ ಮಠ ತನ್ನ ಸುತ್ತಲಿನ ಹತ್ತು ಊರುಗಳ ಕಸುಬುದಾರರ ಒಂದು ಪಟ್ಟಿ ಇಡಲಿ. ಯಾವ ಕಸುಬು ಯಾರ ಬಳಿ ಇದೆ, ಕಲಿಸಲು ಯಾರು ಸಿದ್ಧ, ಕಲಿಯಲು ಯಾರು ಸಿದ್ಧ. ಇಬ್ಬರನ್ನೂ ಕೂಡಿಸಲು ಮಠಕ್ಕಿಂತ ನಂಬಿಕೆಯ ಜಾಗ ನಮ್ಮ ಊರುಗಳಲ್ಲಿ ಇನ್ನೊಂದಿಲ್ಲ. 1905ರಲ್ಲಿ ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಸಣ್ಣ ಸಣ್ಣ ದುಡ್ಡನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ದೇಶಕ್ಕೇ ಅದು ಮೊದಲ ಹೆಜ್ಜೆ ಆಯಿತು. ದುಡ್ಡನ್ನು ಕೂಡಿಸಿ ನಡೆಸುವುದನ್ನು ಈ ನೆಲ ಕಲಿಸಿತು. ಕೈಗಳನ್ನು ಕೂಡಿಸಿ ನಡೆಸುವುದನ್ನೂ ಈ ನೆಲವೇ ಕಲಿಸಲಿ.

ಮನೆಗೆ ಹೋದ ಮೇಲೆ ಮಲಗುವ ಮುಂಚೆ ಒಂದೇ ಒಂದು ಹೆಸರನ್ನು ಬರೆಯಿರಿ. ನಿಮಗೆ ಬರುವ ಕೆಲಸವನ್ನು ನಿಮ್ಮಿಂದ ಕಲಿಯುವವರ ಹೆಸರು. ಅದು ನಿಮ್ಮ ಮಗನೇ ಆಗಬೇಕೆಂದಿಲ್ಲ.